ಮುಖಾಮುಖಿ ಸಿಗದ ವಿದ್ಯಾರ್ಥಿಯ ಪ್ರಾಜೆಕ್ಟ್‌ಗೆ ಗೈಡ್ ಆಗುವುದು ಹೇಗೆ?

ಆನ್‌ಲೈನ್ ಸ್ನಾತಕೋತ್ತರ ಕೋರ್ಸ್ ಮಾಡುವವರು ಪಾಠ ಕೇಳುತ್ತಾರೆ, ಅಸೈನ್‌ಮೆಂಟ್ ಮುಗಿಸುತ್ತಾರೆ, ಪರೀಕ್ಷೆಯನ್ನೂ ದಾಟುತ್ತಾರೆ. ಸಿಕ್ಕಿಕೊಳ್ಳುವುದು ಪ್ರಾಜೆಕ್ಟ್‌ನಲ್ಲಿ. ಬುದ್ಧಿ ಕಡಿಮೆ ಅಂತಲ್ಲ. ಪಾಠಕ್ಕೆ ವೇಳಾಪಟ್ಟಿ ಇರುತ್ತದೆ, ಪ್ರಾಜೆಕ್ಟ್‌ಗೆ ಇರುವುದು ಕೊನೆಯ ದಿನಾಂಕ ಒಂದೇ. ಕ್ಯಾಂಪಸ್‌ನಲ್ಲಾದರೆ ಲೈಬ್ರರಿಯಲ್ಲೋ ಕಾರಿಡಾರ್‌ನಲ್ಲೋ ಗೈಡ್ ಎದುರಾಗಿ ‘ಎಲ್ಲಿಗೆ ಬಂತು?’ ಅಂತ ಕೇಳಿಬಿಡುತ್ತಾರೆ. ಆನ್‌ಲೈನ್‌ನಲ್ಲಿ ಹಾಗೆ ಯಾರೂ ಎದುರಾಗುವುದಿಲ್ಲ. ಅದಕ್ಕೇ ಇಲ್ಲಿ ಗೈಡ್‌ನ ಮುಖ್ಯ ಕೆಲಸ, ಅರ್ಧಂಬರ್ಧ ಬರೆದದ್ದನ್ನೂ ವಿದ್ಯಾರ್ಥಿ ಹೆದರದೆ ಕಳಿಸುವಂತೆ ಮಾಡುವುದು. ಮಿಕ್ಕಿದ್ದೆಲ್ಲ ಅದರ ಸುತ್ತ.

ಮೊದಲ ಕರೆಯಲ್ಲಿ ವಿಷಯ ಬೇಡ, ಗಂಟೆ ಲೆಕ್ಕ ಮಾಡಿ

ಇವರಲ್ಲಿ ಹೆಚ್ಚಿನವರಿಗೆ ಕೆಲಸ, ಮನೆ ಎರಡೂ ಇರುತ್ತವೆ. ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಸಿಗುತ್ತದೆ ಅಂತ ಕೇಳಿ. ವಾರಕ್ಕೆ 6 ಗಂಟೆ, ಒಟ್ಟು 16 ವಾರ ಅಂದರೆ 96 ಗಂಟೆ. ಈಗ ವಿದ್ಯಾರ್ಥಿ ಉತ್ಸಾಹದಿಂದ ‘20 ಜನರ ಸಂದರ್ಶನ ಮಾಡ್ತೀನಿ’ ಅನ್ನುತ್ತಾರೆ ಅಂದುಕೊಳ್ಳಿ. ಒಂದು ಗಂಟೆಯ ಮಾತನ್ನು ಕೇಳಿ ಕೇಳಿ ಕೈಯಾರೆ ಟೈಪ್ ಮಾಡಲು ನಾಲ್ಕು ಗಂಟೆಯಾದರೂ ಬೇಕು. ಸಂದರ್ಶನಕ್ಕೆ 20, ಟೈಪಿಂಗ್‌ಗೆ 80, ಅಲ್ಲಿಗೆ 100 ಗಂಟೆ ಆಗಿಹೋಯಿತು, ಇನ್ನೂ ಒಂದು ಸಾಲು ವಿಶ್ಲೇಷಣೆ ಇಲ್ಲ, ಬರವಣಿಗೆ ಇಲ್ಲ. ಈ ಲೆಕ್ಕವನ್ನು ವಿದ್ಯಾರ್ಥಿಯ ಕೈಯಲ್ಲೇ ಮಾಡಿಸಿ. ನೀವು ‘ಜಾಸ್ತಿ ಆಯ್ತು’ ಅಂದರೆ ಬೇಜಾರಾಗುತ್ತದೆ, ಅವರೇ ಕಂಡುಕೊಂಡರೆ 20 ತಾನಾಗಿ 6ಕ್ಕೆ ಇಳಿಯುತ್ತದೆ.

ಬೇರೆ ದೇಶದಲ್ಲಿರುವ ವಿದ್ಯಾರ್ಥಿಯಾದರೆ ಮೀಟಿಂಗ್ ಸಮಯವನ್ನು ಇಬ್ಬರ ಗಡಿಯಾರದ ಪ್ರಕಾರವೂ ಬರೆದಿಡಿ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಮರೆತರೆ ಒಬ್ಬರು ಖಾಲಿ ಸ್ಕ್ರೀನ್ ನೋಡುತ್ತಾ ಕೂರಬೇಕು.

ಪ್ರಶ್ನೆಯನ್ನು ಚಿಕ್ಕದು ಮಾಡಿ

‘ಆನ್‌ಲೈನ್ ಶಿಕ್ಷಣದ ಪರಿಣಾಮಗಳು’ ಅನ್ನುವುದು ಪ್ರಶ್ನೆಯೇ ಅಲ್ಲ, ಬರೀ ತಲೆಬರಹ. ‘ರೆಕಾರ್ಡಿಂಗ್ ಸಿಗುತ್ತದೆ ಅಂತ ಗೊತ್ತಿದ್ದೂ ಕೆಲಸಕ್ಕೆ ಹೋಗುವ ಕೆಲವರು ಲೈವ್ ತರಗತಿಗೇ ಯಾಕೆ ಬರುತ್ತಾರೆ?’ ಇದು ಪ್ರಶ್ನೆ. ಯಾರನ್ನು ಕೇಳಬೇಕು, ಏನು ಕೇಳಬೇಕು ಎರಡೂ ಅದರಲ್ಲೇ ಇದೆ. ವಿದ್ಯಾರ್ಥಿ ಒಂದೇ ವಾಕ್ಯದಲ್ಲಿ ಪ್ರಶ್ನೆ ಹೇಳುವ ತನಕ ಸಿನಾಪ್ಸಿಸ್ (ಪ್ರಾಜೆಕ್ಟ್‌ನ ಚಿಕ್ಕ ರೂಪುರೇಷೆ) ಬರೆಸಬೇಡಿ.

ಇಲ್ಲೊಂದು ಬಲೆ ಇದೆ, ಆನ್‌ಲೈನ್ ವಿದ್ಯಾರ್ಥಿಗಳೇ ಹೆಚ್ಚಾಗಿ ಬೀಳುವ ಬಲೆ. ಡೇಟಾ ಎಲ್ಲಿಂದ ಅಂದರೆ ‘ನಮ್ಮ ಆಫೀಸಿನಲ್ಲೇ ಸಿಗುತ್ತೆ ಸರ್’ ಅನ್ನುತ್ತಾರೆ. ಸುಲಭ ಹೌದು, ಆದರೆ ಆ ಡೇಟಾ ಅವರದಲ್ಲ, ಕಂಪನಿಯದು. ಲಿಖಿತ ಅನುಮತಿ ಬೇಕು, ಅದೂ ಶುರು ಮಾಡುವ ಮೊದಲೇ. ಇನ್ನು ವಿದ್ಯಾರ್ಥಿಯೇ ಅಲ್ಲಿ ಮ್ಯಾನೇಜರ್ ಆಗಿದ್ದು, ತಮ್ಮ ಕೈಕೆಳಗಿನವರಿಗೆ ಸರ್ವೆ ಫಾರಂ ಕಳಿಸಿದರೆ ಅವರು ‘ಆಗಲ್ಲ’ ಅನ್ನುವುದಾದರೂ ಹೇಗೆ? ಸಂಶೋಧನೆಯ ನೀತಿ ಕುರಿತು ಅಮೆರಿಕದಲ್ಲಿ 1979ರಲ್ಲಿ ಪ್ರಕಟವಾದ ಬೆಲ್ಮಾಂಟ್ ವರದಿ ಒತ್ತಿ ಹೇಳಿದ್ದು ಇದನ್ನೇ: ಒತ್ತಡದಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಅಂಥ ಕಡೆ ಬೇರೆ ವಿಭಾಗದವರನ್ನು ಕೇಳಲಿ, ಇಲ್ಲವೇ ಈಗಾಗಲೇ ಸಾರ್ವಜನಿಕವಾಗಿ ಸಿಗುವ ಡೇಟಾ ಹುಡುಕಲಿ. ಎಥಿಕ್ಸ್ ಕಮಿಟಿಯ (ಸಂಶೋಧನೆ ನೀತಿಗೆ ತಕ್ಕಂತಿದೆಯೇ ಅಂತ ನೋಡುವ ಸಮಿತಿಯ) ಒಪ್ಪಿಗೆ ಬೇಕಾದ ವಿಷಯವಾದರೆ ಆ ಕಾಯುವ ವಾರಗಳನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ. ಡೇಟಾ ತೆಗೆದ ಮೇಲೆ ಒಪ್ಪಿಗೆ ಕೇಳಿದರೆ ಕೊಡುವುದಿಲ್ಲ.

ವಾರಕ್ಕೆ ಅರ್ಧ ಪುಟ

ಮೂರು ತಿಂಗಳು ಸುಮ್ನೆ ಬಿಟ್ಟು ‘ಪೂರ್ತಿ ಅಧ್ಯಾಯ ಕಳಿಸಿ’ ಅನ್ನಬೇಡಿ. ವಾರವಾರ ಅರ್ಧ ಪುಟ ಸಾಕು: ಏನು ಮಾಡಿದೆ, ಎಲ್ಲಿ ನಿಂತಿದೆ, ಮುಂದೇನು. ಎರಡು ವಾರಕ್ಕೊಮ್ಮೆ ಅರ್ಧ ಗಂಟೆಯ ಕರೆ, ಅದರಲ್ಲಿ ಆಡಿದ ಮಾತಿನ ಸಾರಾಂಶವನ್ನು ಅದೇ ದಿನ ವಿದ್ಯಾರ್ಥಿಯೇ ಬರೆದು ಕಳಿಸಲಿ. ನೀವು ಹೇಳಿದ್ದು ಒಂದು, ಅವರಿಗೆ ಕೇಳಿಸಿದ್ದು ಇನ್ನೊಂದು ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಉತ್ತರ ಎಷ್ಟು ದಿನದಲ್ಲಿ ಕೊಡುತ್ತೀರಿ ಅಂತ ಮೊದಲೇ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಮೊದಲ ಡ್ರಾಫ್ಟ್‌ನಲ್ಲಿ ಕಾಗುಣಿತ, ಅಲ್ಪವಿರಾಮ ಮುಟ್ಟಲೇಬೇಡಿ. ದೊಡ್ಡ ಮಾತು ಎರಡೋ ಮೂರೋ ಹೇಳಿ ಬಿಡಿ. ನಲವತ್ತು ಕಾಮೆಂಟ್ ನೋಡಿದ ವಿದ್ಯಾರ್ಥಿ ಫೈಲ್ ಮುಚ್ಚುತ್ತಾರೆ, ಮತ್ತೆ ತೆರೆಯುವುದು ಯಾವಾಗಲೋ! ಕಟುವಾದ ಮಾತು ಹೇಳಬೇಕಿದ್ದರೆ ಬರೆಯುವ ಬದಲು ಎರಡು ನಿಮಿಷದ ಆಡಿಯೊ ಕಳಿಸಿ, ದನಿಯಲ್ಲಿ ಸಿಟ್ಟಿಲ್ಲ ಅನ್ನುವುದಾದರೂ ತಿಳಿಯಲಿ.

ವಿದ್ಯಾರ್ಥಿ ಎರಡು ವಾರ ಮಾಯವಾದರೆ? ‘ಯಾಕೆ ಕಳಿಸಿಲ್ಲ’ ಅಂದರೆ ಇನ್ನೂ ಎರಡು ವಾರ ಮಾಯವಾಗುತ್ತಾರೆ. ‘ಎಷ್ಟಾಗಿದೆಯೋ ಅಷ್ಟನ್ನೇ, ಇದ್ದ ಹಾಗೆ ಕಳಿಸಿ’ ಅನ್ನಿ.

ಸಲಕರಣೆ ಕಡಿಮೆ ಇರಲಿ

ಇಬ್ಬರೂ ತೆರೆಯಬಹುದಾದ ಒಂದು ಗೂಗಲ್ ಡಾಕ್, ಉಲ್ಲೇಖಗಳನ್ನು ಜೋಡಿಸಿಡಲು ಜೊಟೆರೊ ಅನ್ನುವ ಸಾಫ್ಟ್‌ವೇರ್. ಇಷ್ಟರಲ್ಲಿ ಕೆಲಸ ನಡೆಯುತ್ತದೆ. ಜೊಟೆರೊ ಉಚಿತ, 2006ರಿಂದ ಇದೆ. ನೀವು ಸೇರಿಸಿಕೊಂಡ ಪ್ರಬಂಧವನ್ನು ಅದನ್ನು ಪ್ರಕಟಿಸಿದ ಸಂಶೋಧನಾ ಪತ್ರಿಕೆ ವಾಪಸ್ ಪಡೆದಿದ್ದರೆ 2019ರಿಂದ ಅದನ್ನೂ ಎಚ್ಚರಿಸುತ್ತದೆ.

ಇನ್ನು ಚಾಟ್‌ಜಿಪಿಟಿ. ಬಳಸಬೇಡಿ ಅಂದರೆ ಯಾರೂ ಕೇಳುವುದಿಲ್ಲ, ಹೇಗೆ ಬಳಸಿದ್ದೀರಿ ಅಂತ ಬರೆದಿಡಿ ಅನ್ನುವುದು ವಾಸಿ. ಕೋರ್ಸಿನ ನಿಯಮ ಏನಿದೆ ಅಂತಲೂ ನೋಡಿಕೊಳ್ಳಿ. ಎಐ ಬರವಣಿಗೆ ಹಿಡಿಯುವ ಸಾಫ್ಟ್‌ವೇರ್ ನಂಬಿ ಯಾರ ಮೇಲೂ ಆರೋಪ ಹೊರಿಸಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತಾನು ಮಾಡಿದ್ದ ಅಂಥ ಸಾಧನವನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದರ ಬದಲು ಡಾಕ್‌ನ ವರ್ಷನ್ ಹಿಸ್ಟರಿ ನೋಡಿ, ಬರಹ ಹೇಗೆ ಬೆಳೆಯಿತು ಅಂತ ಗೊತ್ತಾಗುತ್ತದೆ. ಉಲ್ಲೇಖದ ಪಟ್ಟಿಯಿಂದ ಯಾವುದಾದರೂ ನಾಲ್ಕನ್ನು ಆರಿಸಿ, ಕರೆಯಲ್ಲೇ ತೆರೆದು ತೋರಿಸಲು ಹೇಳಿ. ಎಐ ಕಟ್ಟಿ ಹೇಳಿದ, ಇಲ್ಲದ ಪ್ರಬಂಧ ತೆರೆಯುವುದಿಲ್ಲ, ಅಲ್ವಾ?

ಕೊನೆಯ ವಾರಗಳು

ಮೂರ್ನಾಲ್ಕು ವಿದ್ಯಾರ್ಥಿಗಳು ಇದ್ದರೆ ಒಬ್ಬರಿಗೊಬ್ಬರು ಅಣಕು ವೈವಾ (ಮೌಖಿಕ ಪರೀಕ್ಷೆ) ಮಾಡಲಿ, ನೀವು ಸುಮ್ಮನೆ ಕೂತು ಕೇಳಿ. ನಿಜವಾದ ವೈವಾದ ದಿನ ಸ್ಲೈಡ್‌ಗಳ ಪಿಡಿಎಫ್ ಪರೀಕ್ಷಕರಿಗೆ ಮೊದಲೇ ಹೋಗಿರಲಿ, ನೆಟ್ ಕೈಕೊಟ್ಟರೆ ಅಂತ ಮೊಬೈಲ್ ಡೇಟಾ ಸಿದ್ಧವಿರಲಿ. ಪ್ರಾಜೆಕ್ಟನ್ನು ಪತ್ರಿಕೆಗೆ ಕಳಿಸುವ ಯೋಚನೆ ಇದ್ದರೆ ಯಾರ ಹೆಸರು ಎಲ್ಲಿ ಅಂತ ಬರೆಯುವ ಮೊದಲೇ ಮಾತಾಡಿ. ಗೈಡ್ ಆಗಿದ್ದ ಮಾತ್ರಕ್ಕೆ ಲೇಖಕರಾಗುವುದಿಲ್ಲ, ಕೆಲಸದಲ್ಲಿ ಕೈ ಇರಬೇಕು.

ಅಂಕ ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಸಂದರ್ಶನದ ರೆಕಾರ್ಡಿಂಗ್‌ಗಳನ್ನು ಇಂಥ ದಿನಕ್ಕೆ ಅಳಿಸುತ್ತೇವೆ ಅಂತ ಒಪ್ಪಿಗೆ ಪತ್ರದಲ್ಲಿ ಬರೆದಿದ್ದರೆ, ಆ ದಿನ ವಿದ್ಯಾರ್ಥಿಗೆ ಒಂದು ಮೆಸೇಜ್ ಹಾಕಿ ಅಳಿಸಿದ್ದಾರಾ ಅಂತ ಕೇಳಿ. ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿದ ಪ್ರತಿಯನ್ನೂ ತೆಗೆದುಹಾಕಿ.