ಮೆಚ್ಚುಗೆಯ ಪತ್ರವನ್ನು ಎರಡು ಬಾರಿ ಬರೆದೆ

ಪಾರ್ಶ್ವವಾಯುವಿಗೆ ತುತ್ತಾದ ನನ್ನ ತಂದೆ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಆದರೆ ಉತ್ತರ ಕೊಡಲು ಬಾಯಿ ತೆರೆದರೆ ಒಂದೇ ಅಕ್ಷರ ಮತ್ತೆ ಮತ್ತೆ ಹೊರಡುತ್ತಿತ್ತು. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಹೀಗಾಗುವುದುಂಟು, ಇದಕ್ಕೆ ಅಫೇಸಿಯಾ ಎನ್ನುತ್ತಾರೆ ಎಂದು ವೈದ್ಯರು ವಿವರಿಸಿದರು.

ಮೂರನೆಯ ರಾತ್ರಿ ಅವರು ವಿಪರೀತ ಚಡಪಡಿಸತೊಡಗಿದರು. ಹೊದಿಕೆಯನ್ನು ಎಳೆಯುವುದು, ಎಡಗೈಯಿಂದ ಮುಖ ಸವರಿಕೊಳ್ಳುವುದು, ಮಂಚದ ಕಂಬಿಯನ್ನು ಬಡಿಯುವುದು ನಿಲ್ಲಲೇ ಇಲ್ಲ. ಸಲೈನ್ ಕೊಳವೆ ಕಿತ್ತುಬರಬಾರದೆಂದು ಆ ಕೈಯನ್ನು ಮೆತ್ತನೆಯ ಪಟ್ಟಿಯಿಂದ ಕಟ್ಟಬೇಕಾದೀತು ಎಂಬ ಮಾತೂ ಬಂತು. ರಾತ್ರಿ ಪಾಳಿಯ ನರ್ಸ್ ಮೊದಲು ಕಿಬ್ಬೊಟ್ಟೆಯನ್ನು ಒತ್ತಿ ನೋಡಿ ಮೂತ್ರ ಕಟ್ಟಿಲ್ಲವೆಂದು ಖಚಿತಪಡಿಸಿಕೊಂಡರು. ನೋವು, ಜ್ವರ, ಉಸಿರಾಟ ಎಲ್ಲವನ್ನೂ ಪರೀಕ್ಷಿಸಿದರು. ಆಮೇಲೆ ಕೈಗವಸಿನ ಖಾಲಿ ರಟ್ಟಿನ ಡಬ್ಬವೊಂದನ್ನು ತರಿಸಿ, ಕತ್ತರಿಸಿ ಬಿಡಿಸಿ, ಒಳಮೈ ಮೇಲೆ ಪೆನ್ನಿನಿಂದ ಚಿತ್ರ ಬರೆದರು: ನೀರಿನ ಲೋಟ, ಶೌಚಾಲಯ, ದಿಂಬು, ವಿದ್ಯುದ್ದೀಪ, ನೋವಿನಿಂದ ಕಿವುಚಿದ ಮುಖ, ಕನ್ನಡಕ. ಒಂದೊಂದರ ಮೇಲೂ ಬೆರಳಿಟ್ಟು ತಂದೆಯ ಕಣ್ಣನ್ನೇ ನೋಡುತ್ತಾ ಕಾಯ್ದರು. ತಂದೆಯ ಎಡಗೈ ಕನ್ನಡಕದ ಮೇಲೆ ಬಂದು ನಿಂತಿತು. ಆ ಕನ್ನಡಕ ದಾಖಲಾದ ದಿನದಿಂದಲೂ ನನ್ನ ಚೀಲದಲ್ಲೇ ಇತ್ತು. ಒಡೆದೀತೆಂದು ಅದನ್ನು ತೆಗೆದಿಟ್ಟವನು ನಾನೇ.

ಬೆಳಿಗ್ಗೆ ಪಾಳಿ ಬದಲಾಗುವಾಗ ಅವರು ಆ ರಟ್ಟನ್ನು ಬ್ಯಾಂಡೇಜ್ ಬಟ್ಟೆಯ ಎಳೆಯಿಂದ ಮಂಚದ ಕಂಬಿಗೆ ಕಟ್ಟಿ, ಮುಂದಿನ ಪಾಳಿಯವರಿಗೆ ಹೇಳಿದರು: “ಒಂದೊಂದಾಗಿ ತೋರಿಸಿ, ಆತುರ ಮಾಡಬೇಡಿ, ಉತ್ತರ ಬರಲು ಅವರಿಗೆ ಹೊತ್ತು ಹಿಡಿಯುತ್ತದೆ.” ಅದನ್ನೇ ರೋಗಿಯ ದಾಖಲೆಯಲ್ಲೂ ಬರೆದಿಟ್ಟರು.

ಬಿಡುಗಡೆಯ ದಿನ ನಾವು ಲಕೋಟೆಯಲ್ಲಿ ಹಣ ಇಟ್ಟು ಕೊಡಲು ಹೋದಾಗ ಆ ನರ್ಸ್ ಕೈ ಹಿಂದೆ ಕಟ್ಟಿಕೊಂಡು, ಏನಾದರೂ ಮಾಡಲೇಬೇಕೆಂದಿದ್ದರೆ ನಾಲ್ಕು ಸಾಲು ಬರೆದುಕೊಡಿ ಎಂದರು. ಅಂದೇ ಬರೆದೆ. ಸಾಕ್ಷಾತ್ ದೇವತೆ, ತಾಯಿಯಂಥವರು, ನಿಸ್ವಾರ್ಥ ಸೇವೆಯ ಪ್ರತಿರೂಪ ಎಂದೆಲ್ಲ ಒಂದೂವರೆ ಪುಟ ತುಂಬಿಸಿ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಕೊಟ್ಟೆ. ಅವರು ಓದಿ, ಬೇಸರವಾಗದಂತೆ ನಕ್ಕು, ಕಡತವೊಂದನ್ನು ತೆರೆದು ತೋರಿಸಿದರು. ಅದರಲ್ಲಿದ್ದ ಪತ್ರಗಳಲ್ಲೆಲ್ಲ ದೇವತೆಯರೇ ಇದ್ದರು. ಹೆಸರು ಮುಚ್ಚಿದರೆ ಯಾವ ಪತ್ರ ಯಾರದೆಂದು ತಮಗೇ ತಿಳಿಯದು ಎಂದ ಅವರು ನನ್ನನ್ನು ಕೇಳಿದ್ದು ಮೂರು ಪ್ರಶ್ನೆ: ಯಾವ ರಾತ್ರಿ? ಅವರು ಮಾಡಿದ್ದೇನು? ಅದನ್ನು ಮಾಡದಿದ್ದರೆ ಕರ್ತವ್ಯಲೋಪವಾಗುತ್ತಿತ್ತೇ?

ಮೂರನೆಯ ಪ್ರಶ್ನೆಯೇ ನನ್ನನ್ನು ಎರಡು ದಿನ ಕಾಡಿತು. ಹೊತ್ತಿಗೆ ಸರಿಯಾಗಿ ಔಷಧ ಕೊಡುವುದು, ರಕ್ತದೊತ್ತಡ ನೋಡುವುದು, ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಇವೆಲ್ಲ ಕರ್ತವ್ಯವೇ. ಅವರು ಅದನ್ನು ಅಚ್ಚುಕಟ್ಟಾಗಿ ಮಾಡಿದರೆಂದು ಒಂದೇ ವಾಕ್ಯದಲ್ಲಿ ಬರೆದೆ. ಕಿಬ್ಬೊಟ್ಟೆ ಪರೀಕ್ಷಿಸಿದ್ದೂ ಕರ್ತವ್ಯವೇ. ಆ ಕಾರಣಗಳೆಲ್ಲ ಮುಗಿದ ಮೇಲೂ “ಗೊಂದಲದಲ್ಲಿದ್ದಾರೆ” ಎಂದು ಷರಾ ಬರೆದು ಮುಂದೆ ಹೋಗದೆ, ಈ ಮನುಷ್ಯ ಏನನ್ನೋ ಕೇಳುತ್ತಿದ್ದಾನೆ ಎಂದು ನಂಬಿ ರಟ್ಟು ಹುಡುಕಿದ್ದು ಕರ್ತವ್ಯದ ಪಟ್ಟಿಯಲ್ಲಿ ಇರಲಿಲ್ಲ. ಫೋನಿನ ಕರೆಗಳ ಪಟ್ಟಿ ನೋಡಿ ದಿನಾಂಕ, ವೇಳೆಗಳನ್ನು ಹೊಂದಿಸಿಕೊಂಡೆ. ಕೈ ಕಟ್ಟುವ ಪ್ರಮೇಯ ಬರಲಿಲ್ಲ ಎಂಬುದನ್ನೂ, ಉಳಿದ ದಿನಗಳಲ್ಲಿ ಎಲ್ಲ ಪಾಳಿಯವರೂ ಆ ರಟ್ಟನ್ನು ಬಳಸಿದರು ಎಂಬುದನ್ನೂ ಪರಿಣಾಮವೆಂದು ಸೇರಿಸಿದೆ.

ಮೊದಲ ಪತ್ರದಲ್ಲಿದ್ದ ಒಂದು ಸಾಲನ್ನು ಬೇಕೆಂದೇ ಹೊಡೆದುಹಾಕಿದೆ. ಬದಲಿ ನರ್ಸ್ ಬಾರದ ಕಾರಣ ಅವರು ಒಂದು ದಿನ ಪಾಳಿ ಮುಗಿದ ಮೇಲೂ ಎರಡು ಗಂಟೆ ಉಳಿದಿದ್ದರು, ಅದನ್ನು ನಾನು ತ್ಯಾಗವೆಂದು ಹೊಗಳಿದ್ದೆ. ಸಿಬ್ಬಂದಿಯ ಕೊರತೆಯನ್ನು ಒಬ್ಬರ ಸದ್ಗುಣವೆಂದು ಬಣ್ಣಿಸಿದರೆ ಅದು ಸನ್ಮಾನವಲ್ಲ, ಆಡಳಿತಕ್ಕೆ ಅನುಕೂಲ ಮಾಡಿಕೊಟ್ಟಂತೆ ಎಂದು ನನಗನ್ನಿಸಿತು. ಆ ಸಂಗತಿಯನ್ನು ಪ್ರತ್ಯೇಕ ದೂರಾಗಿ ಬರೆದುಕೊಟ್ಟೆ.

ರೋಗಿಗಳೂ ಮನೆಯವರೂ ನರ್ಸ್‌ಗಳ ಹೆಸರು ಸೂಚಿಸಬಹುದಾದ ‘ಡೈಸಿ’ ಪ್ರಶಸ್ತಿಯ ವಿಷಯವನ್ನು ತಿಳಿಸಿದವರೂ ಸೂಪರಿಂಟೆಂಡೆಂಟ್ ಅವರೇ. ಅಮೆರಿಕದ ಪ್ಯಾಟ್ರಿಕ್ ಬಾರ್ನ್ಸ್ ಎಂಬವರು ತಮ್ಮ 33ನೆಯ ವಯಸ್ಸಿನಲ್ಲಿ, ದೇಹದ ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಕಾಯಿಲೆಯ ತೊಡಕುಗಳಿಂದ ತೀರಿಕೊಂಡಾಗ, ಅವರನ್ನು ನೋಡಿಕೊಂಡ ನರ್ಸ್‌ಗಳಿಗೆ ಕೃತಜ್ಞತೆ ಸಲ್ಲಿಸಲೆಂದು ಮನೆಯವರು 1999ರಲ್ಲಿ ಕಟ್ಟಿದ ಪ್ರತಿಷ್ಠಾನ ಇದನ್ನು ನಡೆಸುತ್ತದೆ. ನಮ್ಮ ಆಸ್ಪತ್ರೆ ಅದರಲ್ಲಿ ಸೇರಿರಲಿಲ್ಲ. ಇಲ್ಲಿ ಇದ್ದದ್ದು ಫ್ಲಾರೆನ್ಸ್ ನೈಟಿಂಗೇಲ್ ಜನ್ಮದಿನವಾದ ಮೇ 12ರಂದು, ದಾದಿಯರ ದಿನಾಚರಣೆಯಲ್ಲಿ ಆಯ್ದ ಪತ್ರಗಳನ್ನು ಓದುವ ಪದ್ಧತಿ ಮಾತ್ರ.

ಪತ್ರ ಸಲ್ಲಿಸುವ ಮುನ್ನ ನರ್ಸ್ ಅವರಿಗೇ ಓದಿ ಹೇಳಿ ಒಪ್ಪಿಗೆ ಕೇಳಿದೆ. ಭಾವಚಿತ್ರ ಬೇಡವೆಂದರು, ಓದುವುದಕ್ಕೆ ಅಡ್ಡಿಯಿಲ್ಲವೆಂದರು, ನಡುರಾತ್ರಿಯಲ್ಲಿ ಡಬ್ಬ ಹುಡುಕಿ ತಂದ ವಾರ್ಡ್ ಸಹಾಯಕನ ಹೆಸರು ಬಿಟ್ಟುಹೋಗಿದೆಯಲ್ಲ ಎಂದರು. ಆ ಹೆಸರನ್ನು ಸೇರಿಸಿದೆ. ಒಟ್ಟು ಪತ್ರ ಮುಕ್ಕಾಲು ಪುಟಕ್ಕೆ ನಿಂತಿತು.

ಪತ್ರದ ಒಂದು ಪ್ರತಿ ಅವರ ಸೇವಾ ಕಡತ ಸೇರಬೇಕೆಂದು ಕೋರಿದ್ದೆ, ಏಕೆಂದರೆ ಬಡ್ತಿಯ ವೇಳೆ ತೆರೆಯುವುದು ಆ ಕಡತವನ್ನು. ಎರಡು ವಾರದ ನಂತರ ಫೋನ್ ಮಾಡಿ ವಿಚಾರಿಸಿದರೆ ಸೇರಿರಲಿಲ್ಲ. ಇನ್ನೊಂದು ಪ್ರತಿಯನ್ನು ಖುದ್ದಾಗಿ ಒಯ್ದು ಕೊಟ್ಟು, ತಾರೀಖು ಹಾಕಿ ಸಹಿ ಮಾಡಿದ ಸ್ವೀಕೃತಿ ಪಡೆದು ಬಂದೆ.