ನಂಬಿಕೆ ಇಲ್ಲದವರು ಮನೆಯವರ ಜೊತೆ ಚರ್ಚಿಗೆ ಹೋಗುವಾಗ

ನಾನು ದೇವರನ್ನು ನಂಬುವುದು ಬಿಟ್ಟು 14 ವರ್ಷ ಆಯಿತು. ಆದರೂ 9 ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದೇನೆ. ಅಮ್ಮನಿಗೆ ಈಗ 78. ಮಂಡಿ ನೋವು, ಕಣ್ಣು ಮಂಜು. ಅವಳಿಗೆ ಒಬ್ಬಳೇ ಹೋಗಲೂ ಆಗುವುದಿಲ್ಲ, ಹೋಗದೆ ಇರಲೂ ಆಗುವುದಿಲ್ಲ. ಅದಕ್ಕೇ ನಾನು ಜೊತೆಗೆ ಹೋಗುತ್ತೇನೆ.

ಕ್ರೈಸ್ತರ ಮನೆಗೆ ಮದುವೆಯಾಗಿ ಬಂದವರು, ನನ್ನ ಹಾಗೆ ಬೆಳೆಯುತ್ತಾ ನಂಬಿಕೆ ಕಳೆದುಕೊಂಡವರು ಎಷ್ಟೋ ಸಲ ನನ್ನನ್ನು ಕೇಳಿದ್ದಾರೆ. ಎಲ್ಲರೂ ಎದ್ದಾಗ ಏಳಬೇಕಾ? ಹಾಡಬೇಕಾ? ಪ್ರಸಾದ ತಗೋಬೇಕಾ? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಒಳಗಿನಿಂದ ಬಲ್ಲದ್ದು ಕ್ಯಾಥೊಲಿಕ್ ಚರ್ಚು, ಹಾಗಾಗಿ ಜಾಸ್ತಿ ಅದರದ್ದೇ ಮಾತು.

ನಾನು ಇಟ್ಟುಕೊಂಡಿರುವುದು ಒಂದೇ ಅಳತೆ. ಎದ್ದು ನಿಲ್ಲುವುದು, ಕೂರುವುದು, ಸುಮ್ಮನಿರುವುದು ಅಲ್ಲಿರುವವರಿಗೆ ಕೊಡುವ ಮರ್ಯಾದೆ. ಅದನ್ನು ಧಾರಾಳವಾಗಿ ಕೊಡಿ. ಬಾಯಲ್ಲಿ ಹೇಳುವುದು ನಿಮ್ಮ ಮಾತು. ಅದು ಸುಳ್ಳಾಗಬಾರದು.

ಭಾನುವಾರದ ಬಲಿಪೂಜೆ, ಅಂದರೆ ಮಾಸ್, ಸಾಮಾನ್ಯವಾಗಿ ಒಂದು ಗಂಟೆ. ಬೈಬಲಿನ ಮೊದಲ ವಾಚನಗಳಿಗೆ ಕೂರುತ್ತಾರೆ, ಶುಭಸಂದೇಶ (ಯೇಸುವಿನ ಬದುಕಿನ ಭಾಗ) ಓದುವಾಗ ನಿಲ್ಲುತ್ತಾರೆ, ಪ್ರಸಂಗಕ್ಕೆ, ಅಂದರೆ ಫಾದರ್ ಮಾಡುವ ಉಪದೇಶಕ್ಕೆ, ಮತ್ತೆ ಕೂರುತ್ತಾರೆ. ನಿಮಗೆ ಏನೂ ಗೊತ್ತಿಲ್ಲದಿದ್ದರೆ ಮೊದಲ ಸಾಲಿನಲ್ಲಿ ಕೂರಬೇಡಿ. ಮಧ್ಯದಲ್ಲಿ ಕೂತು ಮುಂದಿನವರನ್ನು ನೋಡಿ ಎದ್ದು ಕೂತರೆ ಸಾಕು. ಕ್ರಿಸ್ಮಸ್ ಹಿಂದಿನ ರಾತ್ರಿ, ಈಸ್ಟರ್ ದಿನ ಅರ್ಧ ಗಂಟೆ ಮೊದಲೇ ಹೋಗಿ, ಇಲ್ಲದಿದ್ದರೆ ವಯಸ್ಸಾದವರಿಗೆ ಜಾಗ ಸಿಗುವುದಿಲ್ಲ.

ಮೊಣಕಾಲೂರುವ ಹೊತ್ತು ಬಂದಾಗ ನಾನು ಊರುವುದಿಲ್ಲ. ಎದ್ದು ನಿಲ್ಲುವುದು ಮರ್ಯಾದೆ ಅನಿಸುತ್ತದೆ, ಮೊಣಕಾಲೂರುವುದು ಆರಾಧನೆ ಅನಿಸುತ್ತದೆ. ಇದು ನನ್ನ ಲೆಕ್ಕ. ನಿಮಗೆ ಹಾಗನಿಸದಿದ್ದರೆ ಊರಿ. ಊರದಿದ್ದರೆ ಒಂದು ವಿಷಯ ನೆನಪಿಡಿ. ಹಿಂದಿನ ಸಾಲಿನವರು ಮೊಣಕಾಲೂರಿದಾಗ ಅವರ ಕೈ ನಿಮ್ಮ ಬೆಂಚಿನ ಒರಗಿನ ಮೇಲೆ ಬರುತ್ತದೆ. ನೀವು ಆರಾಮಾಗಿ ಒರಗಿ ಕೂತರೆ ನಿಮ್ಮ ಬೆನ್ನು ಅವರ ಜೋಡಿಸಿದ ಕೈಗೆ ತಾಗುತ್ತದೆ. ಬೆಂಚಿನ ಅಂಚಿಗೆ ಸರಿದು, ಸ್ವಲ್ಪ ಮುಂದೆ ಬಾಗಿ ಕೂರಿ. ಅಮ್ಮನೂ ಈಗ ಮಂಡಿ ನೋವಿಂದ ಹಾಗೇ ಕೂರುತ್ತಾಳೆ. ಇಬ್ಬರೂ ಅಕ್ಕಪಕ್ಕ ಒಂದೇ ಥರ ಬಾಗಿ ಕೂತಿರುತ್ತೇವೆ, ಕಾರಣ ಮಾತ್ರ ಬೇರೆ ಬೇರೆ.

ಹಾಡಿನ ವಿಷಯಕ್ಕೆ ನಾನು ತುಂಬಾ ದಿನ ಯೋಚಿಸಿದೆ. ಬಾಯಲ್ಲಿ ಬರುವುದೆಲ್ಲ ನನ್ನ ಮಾತು ಅಂದಮೇಲೆ ಹಾಡೂ ಮಾತೇ ಅಲ್ವಾ? ಕೊನೆಗೆ ಹಾಡುವುದು ಅಂತಲೇ ತೀರ್ಮಾನಿಸಿದೆ. ಹಾಡನ್ನು ಯಾರೂ ಸಾಕ್ಷಿ ಹೇಳಿಕೆ ಅಂತ ತಗೊಳ್ಳುವುದಿಲ್ಲ. ಇಂಗ್ಲಿಷ್ ಸಂಗೀತಗಾರ ರಾಲ್ಫ್ ವಾನ್ ವಿಲಿಯಮ್ಸ್ ನಂಬಿಕೆ ಇಲ್ಲದವರಾಗಿದ್ದೂ 1906ರಲ್ಲಿ ಬಂದ ಒಂದು ಚರ್ಚ್ ಹಾಡುಪುಸ್ತಕದ ಸಂಗೀತವನ್ನು ಸಂಪಾದಿಸಿಕೊಟ್ಟರು. ಆ ಪುಸ್ತಕದಿಂದ ಲಕ್ಷಾಂತರ ಜನ ಹಾಡಿದ್ದಾರೆ. ನನಗೂ ಆ ರಾಗಗಳ ಮೇಲೆ ಪ್ರೀತಿ ಇದೆ. ಚಿಕ್ಕಂದಿನಿಂದ ಕಿವಿಯಲ್ಲಿ ಕೂತ ರಾಗಗಳು ಅವು.

ತಾವು ಏನನ್ನು ನಂಬುತ್ತೇವೆ ಅಂತ ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಪ್ರಮಾಣದ ಕಥೆ ಬೇರೆ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆ ಅದಕ್ಕೆ ರೂಪ ಕೊಟ್ಟಿತು, 381ರಲ್ಲಿ ಕಾನ್ಸ್ಟಾಂಟಿನೋಪಲ್‌ ಸಭೆಯ ಹೊತ್ತಿಗೆ ಅದು ಇನ್ನಷ್ಟು ಬೆಳೆಯಿತು. ಯಾರು ಏನನ್ನು ನಂಬುತ್ತಾರೆ ಅನ್ನುವುದನ್ನು ಖಚಿತ ಮಾಡಿಕೊಳ್ಳಲೆಂದೇ ಒಂದೊಂದು ಪದವನ್ನೂ ತೂಗಿ ಇಟ್ಟದ್ದು ಅದು. 'ನಂಬುತ್ತೇನೆ' ಅಂತಲೇ ಶುರುವಾಗುತ್ತದೆ. ಅಲ್ಲಿ ನಾನು ಎದ್ದು ನಿಲ್ಲುತ್ತೇನೆ, ಬಾಯಿ ತೆರೆಯುವುದಿಲ್ಲ. ತುಟಿ ಆಡಿಸಿ ಹೇಳಿದ ಹಾಗೆ ತೋರಿಸಿಕೊಳ್ಳುವುದೂ ಬೇಡ. ಸುಮ್ಮನೆ ನಿಂತವರನ್ನು ಯಾರೂ ತಿರುಗಿ ನೋಡುವುದಿಲ್ಲ.

ಶಾಂತಿ ಹಂಚಿಕೊಳ್ಳುವ ಗಳಿಗೆ ಮಾತ್ರ ನನಗೆ ಪೂರ್ತಿ ಇಷ್ಟ. ಪಕ್ಕದವರ ಕಡೆ ತಿರುಗಿ ಕೈ ಕುಲುಕಬೇಕು, ಇಲ್ಲವೇ ಕೈ ಮುಗಿಯಬೇಕು. "ಶಾಂತಿ ನಿಮ್ಮೊಂದಿಗಿರಲಿ" ಅಂತ ಮನಸ್ಸಿಟ್ಟು ಹೇಳುತ್ತೇನೆ. ಅದನ್ನು ಹೇಳಲು ದೇವರನ್ನು ನಂಬಲೇಬೇಕು ಅಂತೇನಿಲ್ಲ.

ಕಾಣಿಕೆ ಚೀಲ ಬಂದರೆ ಇಷ್ಟವಿದ್ದರೆ ಹಾಕಿ, ಇಲ್ಲದಿದ್ದರೆ ಪಕ್ಕಕ್ಕೆ ದಾಟಿಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಫಾದರ್ ಕೊಡುವ ರೊಟ್ಟಿ. ಇಲ್ಲಿ ನಾನು ತಪ್ಪು ಮಾಡಿದೆ. ಅಪ್ಪ ತೀರಿಹೋದಾಗ ಅಂತ್ಯಕ್ರಿಯೆಯ ಪೂಜೆಯಲ್ಲಿ ಎಲ್ಲರೂ ಎದ್ದು ಸಾಲಾಗಿ ಹೋದರು. ನೆಂಟರೆಲ್ಲ ನೋಡುತ್ತಾರೆ ಅನ್ನುವ ಹೆದರಿಕೆಯಿಂದ ನಾನೂ ಹೋದೆ, ತಗೊಂಡೆ. ಒಂದು ಸಲ ತಗೊಂಡ ಮೇಲೆ ಬಿಡುವುದು ಕಷ್ಟವಾಯಿತು. ಎರಡು ವರ್ಷ ಹಾಗೇ ನಡೆಯಿತು. ಒಂದು ದಿನ ಅಡುಗೆಮನೆಯಲ್ಲಿ ಮಾತಿಗೆ ಮಾತು ಬಂದು, ನನಗೆ ನಂಬಿಕೆ ಇಲ್ಲ ಅಂತ ಅಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಇಷ್ಟೇ. "ಹಾಗಾದ್ರೆ ಇಷ್ಟು ದಿನ ನಂಬದೇ ತಗೊಂಡ್ಯಾ?"

"ಹೌದಮ್ಮ."

"ನಂಬಿಕೆ ಇಲ್ಲ ಅಂದಿದ್ದಕ್ಕೆ ಬೇಜಾರಾಯ್ತು. ಅದನ್ನ ಹೇಗೋ ತಡ್ಕೋತೀನಿ. ಆದ್ರೆ ಇದನ್ನ ತಡ್ಕೊಳ್ಳೋಕೆ ಆಗ್ತಿಲ್ಲ ಕಣೇ."

ಅವಳ ಮಟ್ಟಿಗೆ ಅದು ಬರೀ ರೊಟ್ಟಿ ಅಲ್ಲ. ಕ್ರಿಸ್ತನ ದೇಹವೇ. ಫಾದರ್ ಅದನ್ನು ಎತ್ತಿ ಹಿಡಿದು "ಕ್ರಿಸ್ತನ ಶರೀರ" ಅನ್ನುತ್ತಾರೆ, ತಗೊಳ್ಳುವವರು "ಆಮೆನ್" ಅನ್ನಬೇಕು. 'ಹೌದು, ಹಾಗೇ ಸರಿ' ಅಂತ ಅದರ ಅರ್ಥ. ಎರಡು ವರ್ಷ ನಾನು ಅವಳ ಪಕ್ಕದಲ್ಲೇ ನಿಂತು ಆ ಮಾತನ್ನು ಸುಳ್ಳಾಗಿ ಹೇಳಿದ್ದೆ. ಅವಳನ್ನು ನೋಯಿಸಬಾರದು ಅಂತ ಮಾಡಿದ್ದೇ ಅವಳನ್ನು ಜಾಸ್ತಿ ನೋಯಿಸಿತು.

ಹಾಗಾಗಿ ಹೇಳುತ್ತೇನೆ, ತಗೋಬೇಡಿ. ಕ್ಯಾಥೊಲಿಕ್ ನಿಯಮದ ಪ್ರಕಾರವೂ ಅದು, ಕೆಲವು ವಿನಾಯಿತಿ ಬಿಟ್ಟರೆ, ಕ್ಯಾಥೊಲಿಕರಿಗೆ ಮಾತ್ರ. ಆರ್ಥೊಡಾಕ್ಸ್ ಚರ್ಚುಗಳಲ್ಲೂ ಅವರ ಸದಸ್ಯರಿಗಷ್ಟೇ. ಆದರೆ ಕೊನೆಯಲ್ಲಿ ಹಂಚುವ ಆಶೀರ್ವದಿಸಿದ ರೊಟ್ಟಿಯನ್ನು ಎಷ್ಟೋ ಕಡೆ ಬಂದ ಅತಿಥಿಗಳಿಗೂ ಕೊಡುತ್ತಾರೆ, ಇವೆರಡು ಬೇರೆ ಬೇರೆ. ಮೆಥಡಿಸ್ಟ್ ಚರ್ಚುಗಳು ಹಲವು ಕಡೆ ಬಯಸಿ ಬಂದ ಎಲ್ಲರಿಗೂ ಕೊಡುತ್ತವೆ. ಅಲ್ಲಿ ಬಾಗಿಲು ತೆರೆದಿದೆ ಅಂದಮಾತ್ರಕ್ಕೆ ಹೋಗಲೇಬೇಕು ಅಂತಿಲ್ಲ.

ತಗೊಳ್ಳದೆ ಇರುವುದು ಹೇಗೆ ಅನ್ನುವುದೇ ಎಲ್ಲರ ಭಯ. ಸಾಲಿನ ತುದಿಯಲ್ಲಿ ಕೂತಿದ್ದರೆ ಎದ್ದು ದಾರಿಗೆ ಬನ್ನಿ, ನಿಮ್ಮ ಸಾಲಿನವರನ್ನು ಹೋಗಲು ಬಿಡಿ, ಮತ್ತೆ ಕೂತುಕೊಳ್ಳಿ. ಒಳಗೆ ಕೂತಿದ್ದರೆ ಕಾಲು ಒಂದು ಕಡೆ ಸರಿಸಿ ಜಾಗ ಮಾಡಿಕೊಡಿ. ಎಷ್ಟೋ ಕಡೆ ಎದೆಯ ಮೇಲೆ ಕೈಗಳನ್ನು ಅಡ್ಡ ಕಟ್ಟಿಕೊಂಡು ಹೋದರೆ ಪ್ರಸಾದದ ಬದಲು ಆಶೀರ್ವಾದ ಕೊಡುತ್ತಾರೆ. ಆದರೆ ಅದು ಎಲ್ಲ ಕಡೆ ಇಲ್ಲ, ಮೊದಲೇ ಕೇಳಿಕೊಳ್ಳಿ. ನಾನು ಅಮ್ಮನ ಮೊಣಕೈ ಹಿಡಿದು ಮುಂದಿನವರೆಗೂ ಹೋಗುತ್ತೇನೆ. ಅವಳ ಸರದಿ ಬಂದಾಗ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಫಾದರ್‌ಗೆ ಮೊದಲೇ ಹೇಳಿಟ್ಟಿದ್ದೇನೆ, ಅವರು ನನ್ನ ಕಡೆ ಒಮ್ಮೆ ತಲೆಯಾಡಿಸಿ ಮುಂದಿನವರನ್ನು ನೋಡುತ್ತಾರೆ.

ಯಾಕೆ ತಗೊಳ್ಳಲಿಲ್ಲ ಅಂತ ಯಾರಾದರೂ ಕೇಳಿದರೆ "ಇವತ್ತು ಇಲ್ಲ" ಅಂದರೆ ಸಾಕು. ನಂಬುವವರೂ ನೂರೆಂಟು ಕಾರಣಕ್ಕೆ ಕೂತೇ ಇರುತ್ತಾರೆ. ಪಾಪನಿವೇದನೆ ಮಾಡಿರುವುದಿಲ್ಲ, ಬರುವ ಮುಂಚೆ ಏನೋ ತಿಂದಿರುತ್ತಾರೆ. ಗೊತ್ತಿರುವವರು ಕೇಳುವುದೇ ಇಲ್ಲ.

ಕೆಲವು ಪೆಂಟೆಕೋಸ್ಟಲ್, ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಕೊನೆಗೆ ಪಾಸ್ಟರ್, ಯೇಸುವನ್ನು ಒಪ್ಪಿಕೊಳ್ಳುವವರು ಮುಂದೆ ಬನ್ನಿ ಅಂತ ಕರೆಯುತ್ತಾರೆ. ಸಂಗೀತ ಮೆಲ್ಲಗೆ ನುಡಿಯುತ್ತಿರುತ್ತದೆ, ಪಕ್ಕದವರ ಕಣ್ಣಲ್ಲಿ ನೀರು ಇರುತ್ತದೆ. ಅತ್ತೆ ಮಾವನ ಖುಷಿಗೆ ಅಂತ ಆ ಹೆಜ್ಜೆ ಇಡಬೇಡಿ. ಇಟ್ಟರೆ ಅವರು ಅದನ್ನು ನಿಜ ಅಂತ ನಂಬುತ್ತಾರೆ, ವರ್ಷಗಟ್ಟಲೆ ಸಂತೋಷಪಡುತ್ತಾರೆ. ಅದನ್ನು ವಾಪಸ್ ತೆಗೆದುಕೊಳ್ಳುವುದು ತುಂಬಾ ಕಷ್ಟ.

ಮನೆಯಲ್ಲಿ ಹೇಳುವುದಾದರೆ ಹಬ್ಬದ ದಿನ ಬೇಡ, ಚರ್ಚಿಗೆ ಹೊರಟು ನಿಂತಾಗಲೂ ಬೇಡ. ವಾರದ ಮಧ್ಯೆ, ಕೈಯಲ್ಲಿ ಏನೋ ಕೆಲಸ ಇರುವಾಗ ಹೇಳಿ. ದೇವರು ಯಾಕೆ ಇಲ್ಲ ಅನ್ನುವ ವಾದ ತೆಗೆಯಬೇಡಿ. ನೀವು ಏನು ಮಾಡುತ್ತೀರಿ ಅನ್ನುವುದನ್ನು ಹೇಳಿ. ನಾನು ಹೇಳಿದ್ದು ಹೀಗೆ: "ನಾನು ಬರ್ತೀನಿ ಅಮ್ಮ. ನಿನ್ನ ಪಕ್ಕ ಕೂರ್ತೀನಿ, ನಿನ್ನ ಜೊತೆ ಎದ್ದು ನಿಲ್ತೀನಿ, ಹಾಡ್ತೀನಿ. ಪ್ರಸಾದ ಮಾತ್ರ ತಗೊಳ್ಳಲ್ಲ." ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಅವಳಿಗೆ ಗೊತ್ತಾಯಿತು. ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಶನಿವಾರ ರಾತ್ರಿ ನನ್ನ ಸೀರೆಯನ್ನೂ ತನ್ನದರ ಜೊತೆ ಇಸ್ತ್ರಿ ಮಾಡಿ ಇಟ್ಟಿದ್ದಳು.

ಜವಾಬ್ದಾರಿ ಒಪ್ಪಿಕೊಳ್ಳುವಾಗ ಹುಷಾರಾಗಿರಿ. ಬೈಬಲ್ ವಾಚನ ಓದು ಅಂತ ನನ್ನನ್ನು ಕೇಳಿದ್ದರು. ಓದಿ ಮುಗಿಸಿ 'ಇದು ಪ್ರಭುವಿನ ವಾಕ್ಯ' ಅನ್ನಬೇಕು, ಹಾಗಾಗಿ ಬೇಡ ಅಂದೆ. ಕುರ್ಚಿ ಜೋಡಿಸುವುದು, ವಯಸ್ಸಾದವರನ್ನು ಕರೆತರುವುದು ಮಾಡುತ್ತೇನೆ. ತಮ್ಮನ ಮಗನ ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂ) ಗಾಡ್‌ಮದರ್, ಅಂದರೆ ಜ್ಞಾನತಾಯಿ, ಆಗು ಅಂದರು, ಅದಕ್ಕೂ ಇಲ್ಲ ಅಂದೆ. 16 ವರ್ಷ ತುಂಬಿದ, ದೃಢೀಕರಣ (ಕನ್ಫರ್ಮೇಶನ್) ಆದ, ನಂಬಿಕೆಯಲ್ಲಿ ಬಾಳುವ ಕ್ಯಾಥೊಲಿಕರು ಬೇಕು ಅನ್ನುತ್ತದೆ 1983ರ ಚರ್ಚ್ ಕಾನೂನು. ಪ್ರೀತಿಯ ಅತ್ತೆಯಾಗಿರಲು ಅದು ಯಾವುದೂ ಬೇಕಿಲ್ಲ.

ಕ್ಯಾಥೊಲಿಕರನ್ನು ಮದುವೆಯಾಗುವವರು ಇದೇ ಕಾನೂನಿನ ಇನ್ನೊಂದು ವಿಷಯ ತಿಳಿದಿರಬೇಕು. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಆದಷ್ಟೂ ಪ್ರಯತ್ನಿಸುತ್ತೇನೆ ಅನ್ನುವ ಮಾತು ಕೊಡಬೇಕಾದವರು ಅವರು, ನೀವಲ್ಲ. ಅವರು ಹಾಗೆ ಮಾತು ಕೊಟ್ಟಿದ್ದಾರೆ ಅಂತ ನಿಮಗೆ ತಿಳಿಸುತ್ತಾರೆ ಅಷ್ಟೇ. ಆದರೂ ಮದುವೆಗೆ ಮುಂಚೆಯೇ ಇಬ್ಬರೂ ಕೂತು ಇದನ್ನು ಮಾತಾಡಿಕೊಳ್ಳಿ. ಮಗು ಹುಟ್ಟಿದ ಮೇಲೆ ಮಾತಾಡೋಣ ಅಂತ ಬಿಟ್ಟವರು ಪಟ್ಟ ಪಾಡನ್ನು ನೋಡಿದ್ದೇನೆ.

ತಮ್ಮನ ಆ ಮಗನಿಗೆ ಈಗ ಏಳು ವರ್ಷ. "ಅತ್ತೆ, ನೀನ್ಯಾಕೆ ಪ್ರಸಾದ ತಗೊಳ್ಳಲ್ಲ?" ಅಂತ ಕೇಳಿದ. ಅವನಪ್ಪನನ್ನು ಕೇಳಿಕೊಂಡೇ ಉತ್ತರ ಕೊಟ್ಟೆ. "ಅಜ್ಜಿ ನಂಬ್ತಾರೆ, ನಿಮ್ಮಪ್ಪನೂ ನಂಬ್ತಾನೆ. ನಾನು ನಂಬಲ್ಲ. ಅಜ್ಜಿ ಜೊತೆ ಇರೋಕೆ ಬರ್ತೀನಿ." ಸರಿ ಅಂತ ಆಡಲು ಓಡಿದ.

ಹೋಗಲೇಬಾರದ ಸಂದರ್ಭವೂ ಇದೆ. ನಿಮ್ಮನ್ನು ಬಲವಂತವಾಗಿ ಎಳೆದುಕೊಂಡು ಹೋಗುತ್ತಿದ್ದರೆ, ಅಲ್ಲಿ ಪ್ರತಿ ವಾರ ನಿಮ್ಮಂಥವರನ್ನೇ ಹೀಯಾಳಿಸುತ್ತಿದ್ದರೆ, ಬಾಗಿಲವರೆಗೆ ಬಿಟ್ಟು ಹೊರಗೆ ಕಾಯಿರಿ. ಹೊರಗಿನಿಂದ ಬಂದ ಒಬ್ಬರು ಪ್ರಸಂಗದಲ್ಲಿ, ನಂಬಿಕೆ ಬಿಟ್ಟ ಮಕ್ಕಳಿಗೆ ಹೆತ್ತವರ ಮೇಲೆ ಪ್ರೀತಿ ಇರುವುದಿಲ್ಲ ಅಂದರು. ನಾನು ಎದ್ದು ಹೋಗಲು ಅಮ್ಮನ ಕಡೆ ನೋಡಿದೆ. ಅವಳು ನನ್ನ ಕೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಪ್ರಸಂಗ ಮುಗಿಯುವವರೆಗೂ ಬಿಡಲಿಲ್ಲ.

ಆಮೇಲೆ ಹಾಡು ಶುರುವಾಯಿತು. ಅಮ್ಮನಿಗೆ ಪುಸ್ತಕದ ಅಕ್ಷರ ಕಾಣುವುದಿಲ್ಲ. ಒಂದೊಂದು ಸಾಲನ್ನೂ ನಾನು ಅವಳ ಕಿವಿಗೆ ಮೊದಲೇ ಹೇಳಿಕೊಡುತ್ತೇನೆ, ಅವಳು ಅರ್ಧ ಸಾಲು ತಡವಾಗಿ ಹಾಡುತ್ತಾಳೆ.