ಬಾಲ್ಕನಿಯಲ್ಲಿ ಸೂಜಿ ಮೆಣಸು: ಬೀಜ ಹಾಕಿ ಬೆಳೆಸಿದ ನನ್ನ ಅನುಭವ

ಬ್ಯಾಡಗಿ, ಗುಂಟೂರು ಬೀಜ ಹಾಕಿದರೆ ವಾರ ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ಸೂಜಿ ಮೆಣಸು, ಅಂದರೆ ಜೀರಿಗೆ ಮೆಣಸು, ಹಾಗಲ್ಲ. 3 ವಾರ ಸುಮ್ನೆ ಕೂತುಬಿಡುತ್ತದೆ, ಕೆಲವು ಸಲ 4. ಅಷ್ಟರಲ್ಲಿ ಎಷ್ಟೋ ಜನ ಬೇಸತ್ತು ಅದೇ ಕುಂಡಕ್ಕೆ ಕೊತ್ತಂಬರಿ ಹಾಕಿಬಿಡುತ್ತಾರೆ.

ಮಲೆನಾಡಿನಲ್ಲಿ ಇದನ್ನು ಬಿತ್ತುವ ಗೋಜಿಗೆ ಹೋಗುವವರು ಕಡಿಮೆ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ, ತೋಟದ ಬೇಲಿ ಬದಿಯಲ್ಲಿ, ತಾನಾಗಿ ಏಳುತ್ತದೆ. ನಮ್ಮ ಬಾಯಿ ಸುಡುವ ಕ್ಯಾಪ್ಸೈಸಿನ್ ಹಕ್ಕಿಗಳಿಗೆ ತಾಗುವುದೇ ಇಲ್ಲ ನೋಡಿ. ಬೆಂಗಳೂರಿನ ಬಾಲ್ಕನಿಯಲ್ಲಿ ಆ ಕೆಲಸ ನಮ್ಮದು.

ಬೀಜಕ್ಕೆ ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣೇ ಬೇಕು. ಹಸಿರು ಕಾಯಿಯ ಬೀಜ ಬಲಿತಿರುವುದಿಲ್ಲ. ಬಿಡಿಸುವಾಗ ಕೈಗೆ ಗ್ಲೌಸ್ ಹಾಕಿಕೊಳ್ಳಿ. ಖಾರ ಇರುವುದು ಬೀಜದೊಳಗಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅದು ಬೆರಳಿಗೆ ಹತ್ತಿದರೆ ನೀರಲ್ಲಿ ತೊಳೆದರೂ ಹೋಗುವುದಿಲ್ಲ, ಸ್ವಲ್ಪ ಎಣ್ಣೆ ಹಚ್ಚಿ ಆಮೇಲೆ ಸೋಪು ಹಾಕಬೇಕು.

ಬೀಜ ನೆರಳಲ್ಲಿ ಒಣಗಿಸಿ, ಬಿತ್ತುವ ಹಿಂದಿನ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕುತ್ತೇನೆ. ತೂತು ಮಾಡಿದ ಪೇಪರ್ ಕಪ್‌ಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ. ಬೀಜದ ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಸಾಕು. ಇನ್ನು ಮುಖ್ಯವಾದದ್ದು ಬಿಸಿ. ಮಣ್ಣು 25ರಿಂದ 30 ಡಿಗ್ರಿ ಇದ್ದರೆ ಬೀಜಕ್ಕೆ ಹಿತ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಅಷ್ಟೆಲ್ಲಿ ಬರಬೇಕು? ಅದಕ್ಕೇ ಕಪ್‌ಗಳಿಗೆ ಪ್ಲಾಸ್ಟಿಕ್ ಮುಚ್ಚಿ ಟಿವಿಯ ಸೆಟ್‌ಟಾಪ್ ಬಾಕ್ಸ್ ಪಕ್ಕ ಇಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಫೆಬ್ರವರಿಯಲ್ಲಿ ಬಿತ್ತಿದರೆ ಈ ರಗಳೆಯೇ ಇಲ್ಲ.

ಮೊಳಕೆ ತಲೆಯೆತ್ತಿದ ದಿನವೇ ಬೆಳಕಿಗೆ ಬರಬೇಕು, ಇಲ್ಲದಿದ್ದರೆ ಸಸಿ ನೂಲಿನ ಹಾಗೆ ಉದ್ದವಾಗಿ ಮಗುಚಿಕೊಳ್ಳುತ್ತದೆ. ನೀರು ಜಾಸ್ತಿಯಾದರೂ ಬುಡ ಕೊಳೆಯುತ್ತದೆ. ಮೊದಲು ಬರುವ ಜೋಡಿ ಬೀಜದೆಲೆ ಬಿಟ್ಟು ನಾಲ್ಕೈದು ನಿಜವಾದ ಎಲೆ ಬಂದ ಮೇಲೆ ಕುಂಡಕ್ಕೆ.

ಆಮೇಲಿನ ಕಾಟ ಎಂದರೆ ಎಲೆ ಮುಟುರು. ಎಲೆಯ ಅಂಚು ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿದರೆ ಮೈಟ್ಸ್ ನುಸಿ ಎಂದು ಲೆಕ್ಕ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪು ಕಲಕಿ, ಸಂಜೆ ಎಲೆಯ ಅಡಿಗೆ ಸಿಂಪಡಿಸುತ್ತೇನೆ. ಬಿಸಿಲಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ. ಏಪ್ರಿಲ್ ಸೆಕೆಗೆ ಒಂದಷ್ಟು ಹೂವು ಉದುರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಕಾಯಿ ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತದೆ. ಗಿಡ ಒಂದು ಬೆಳೆಗೆ ಮುಗಿಯುವುದಿಲ್ಲ, ಸವರಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರುತ್ತದೆ. ಜಾಸ್ತಿ ಬಿಟ್ಟಾಗ ಉಪ್ಪು, ನಿಂಬೆರಸದಲ್ಲಿ ಹಾಕಿಡುತ್ತೇನೆ. ಒಂದು ಲೋಟ ಮಜ್ಜಿಗೆಗೆ ಒಂದು ಹಿಸುಕಿದರೆ ಸಾಕು.